ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ವೃದ್ಧಾಶ್ರಮದಲ್ಲೋ ಅನಾಥಾಲಯದಲ್ಲೋ ಯಾರನ್ನೋ ಹೊಡೆದ, ಕಟ್ಟಿಹಾಕಿದ, ಹಸಿವಿನಲ್ಲಿಟ್ಟ ವಿಡಿಯೊ ಹೊರಬಂದಾಗಲೆಲ್ಲ ನಮ್ಮಲ್ಲಿ ಒಂದೇ ಪಾಠ ಶುರುವಾಗುತ್ತದೆ. ಮೊದಲ ದಿನ, ಆ ಆಯಾಳನ್ನು ಗಲ್ಲಿಗೇರಿಸಿ ಎನ್ನುತ್ತೇವೆ. ಎರಡನೆಯ ದಿನ ಆಕೆಯನ್ನು ಬಿಟ್ಟು, ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇರುವ ಮಗನನ್ನು ಹಿಡಿದುಕೊಳ್ಳುತ್ತೇವೆ. ಮೂರನೆಯ ದಿನ ಸಂಸ್ಕಾರ, ಕೂಡುಕುಟುಂಬ, ಶ್ರವಣಕುಮಾರ. ನಾಲ್ಕನೆಯ ದಿನದ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತದೆ. ಇಷ್ಟು ಗದ್ದಲದಲ್ಲಿ ಯಾರ ಬಾಯಿಂದಲೂ ಬರದ ಪ್ರಶ್ನೆಯೊಂದಿದೆ: ಆ ಮನೆಯಲ್ಲಿ ಅವತ್ತು ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇದ್ದರು?

ಈ ಪಾಠದ ಅಡಿಯಲ್ಲಿರುವ ನಂಬಿಕೆಯನ್ನು ನ್ಯಾಯವಾಗಿಯೇ ಹೇಳಿಬಿಡೋಣ. ಅಸಹಾಯಕರನ್ನು ನೋಡಿಕೊಳ್ಳುವುದು ಮನಸ್ಸಿಗೆ ಸೇರಿದ ಕೆಲಸ. ಮನಸ್ಸಿರುವವರು ನೋಡಿಕೊಳ್ಳುತ್ತಾರೆ, ಇಲ್ಲದವರು ಹೊರಗೆ ಹಾಕುತ್ತಾರೆ. ಹೊರಗೆ ಬಿದ್ದವರನ್ನು ಯಾರೋ ಪುಣ್ಯಾತ್ಮರು ಒಂದು ಸೂರಿನಡಿ ಇಟ್ಟುಕೊಳ್ಳುತ್ತಾರೆ. ಅವರು ಮಾಡುತ್ತಿರುವುದು ಸೇವೆ. ಸೇವೆ ಮಾಡುವವರನ್ನು ಲೆಕ್ಕ ಕೇಳುವುದು ಸಣ್ಣತನ. ಅಲ್ಲೇನಾದರೂ ಕೆಟ್ಟದ್ದು ನಡೆದರೆ ಅದು ಯಾರೋ ಒಬ್ಬ ಕೆಟ್ಟ ಮನುಷ್ಯನ ಕೆಲಸ. ಮಠದ ಸ್ವಾಮಿಗಳು, ವಿಚಾರವಾದಿಗಳು, ಸಂಪಾದಕೀಯ ಬರೆಯುವವರು, ವಾಟ್ಸ್ಆ್ಯಪ್‌ನಲ್ಲಿ ಸುಪ್ರಭಾತ ಕಳಿಸುವವರು ಎಲ್ಲರೂ ತಲೆದೂಗುವ ಅಪರೂಪದ ವಿಚಾರ ಇದು. ನನಗೆ ಇದರ ಒಂದೊಂದು ಮಾತಿನ ಮೇಲೂ ತಕರಾರಿದೆ.

ಮಗನಿಂದಲೇ ಶುರು ಮಾಡೋಣ. ಕೈಬಿಟ್ಟ ಮಕ್ಕಳು ಇದ್ದಾರೆ, ಇಲ್ಲವೆಂದವರು ಯಾರು? ಆದರೆ ಇಂಥ ಮನೆಗಳೊಳಗೆ ಹೋಗಿ ಒಂದೊಂದು ಮಂಚದ ಮುಂದೆ ನಿಂತು ಕೇಳಿ. ಮದುವೆಯೇ ಆಗದವರು, ಮಕ್ಕಳಾಗದವರು, ಮಕ್ಕಳು ಸತ್ತ ಮೇಲೂ ಬದುಕಿ ಉಳಿದವರು, ಗಂಡ ಹೋದ ಮೇಲೆ ಮೈದುನರ ಮನೆಯಲ್ಲಿ ಮುಸುರೆ ತಿಕ್ಕಿ ಕೈಸೋತವರು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ, ತನ್ನ ಊರು ಯಾವುದೆಂದು ಹೇಳಲಾಗದ ಮರೆವಿನ ಕಾಯಿಲೆಯ ಹೆಂಗಸು. ಬುದ್ಧಿ ಬೆಳೆಯದ ಮಗನನ್ನು ತಾಯಿ ತನ್ನ ಕೊನೆಯುಸಿರಿನವರೆಗೂ ಸಾಕಿದ್ದಾಳೆ. ಅವಳು ಹೋದ ಮೇಲೆ ತಲೆ ನರೆತ ಆ ಮಗ ಇಲ್ಲಿದ್ದಾನೆ. ಇವರ ಕಥೆಯಲ್ಲಿ ಕೃತಘ್ನ ಮಗ ಎಲ್ಲಿದ್ದಾನೆ? ಇದ್ದಲ್ಲಿಯೂ ಸಂಗತಿ ಅಷ್ಟು ಸರಳವಿಲ್ಲ. ರಾತ್ರಿಯಿಡೀ ಎದ್ದು ಬಾಗಿಲು ಬಡಿಯುವ, ಸೊಸೆಯನ್ನು ಕಳ್ಳಿ ಎನ್ನುವ, ಗ್ಯಾಸ್ ಹಚ್ಚಿ ಮರೆಯುವ ಅಮ್ಮನನ್ನು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಇಬ್ಬರೂ ದುಡಿಯಬೇಕಾದವರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಸಂಸ್ಕಾರದ ಉಪನ್ಯಾಸಕರ ಬಳಿ ಉತ್ತರವಿಲ್ಲ. ಆ ಉಪನ್ಯಾಸಕರ ಮನೆಯಲ್ಲಿ ಅದನ್ನೆಲ್ಲ ನೋಡಿಕೊಂಡವರು ಅವರ ಹೆಂಡತಿ. ಆಕೆಯನ್ನು ಯಾರೂ ವೇದಿಕೆಗೆ ಕರೆದು ಕೇಳಿದ್ದಿಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು ಎನ್ನುವವರಿಗೆ ಒಂದು ಮಾತು. ತಮಿಳುನಾಡಿನ ದಕ್ಷಿಣದ ಜಿಲ್ಲೆಗಳಲ್ಲಿ, ವಿರುಧುನಗರದ ಸುತ್ತಮುತ್ತ, ‘ತಲೈಕೂತಲ್’ ಎಂಬ ಪದ್ಧತಿಯಿತ್ತು. ಹಾಸಿಗೆ ಹಿಡಿದ ಮುದುಕರಿಗೆ ಮೈತುಂಬ ಎಣ್ಣೆ ಹಚ್ಚಿ ತಣ್ಣೀರೆರೆದು, ಎಳನೀರಿನ ಮೇಲೆ ಎಳನೀರು ಕುಡಿಸುವುದು; ಜ್ವರವೇರಿ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಇದನ್ನು ಮಾಡುತ್ತಿದ್ದವರು ಸ್ವಂತ ಮಕ್ಕಳು, ನಡೆಯುತ್ತಿದ್ದುದು ಮನೆಯೊಳಗೆ, ಗೊತ್ತಿದ್ದುದು ನೆಂಟರಿಷ್ಟರಿಗೆಲ್ಲ. 2010ರ ಹೊತ್ತಿಗೆ ಪತ್ರಿಕೆಗಳು ಬರೆದ ಮೇಲಷ್ಟೇ ಹೊರಗಿನವರಿಗೆ ಗೊತ್ತಾಯಿತು. ಕೂಡುಕುಟುಂಬದ ಗೋಡೆಗಳು ದಪ್ಪವಾಗಿದ್ದವು, ಅದರಲ್ಲಿ ಅನುಮಾನವಿಲ್ಲ.

ಸರ್ಕಾರಕ್ಕೂ ಈ ಮಗನ ಗೀಳು ಹಿಡಿದಿದೆ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007 ಅನ್ನು ತೆಗೆದು ಓದಿ. ಮಕ್ಕಳಿಂದ ಜೀವನಾಂಶ ಕೊಡಿಸಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ, ತಿಂಗಳಿಗೆ 10,000 ರೂಪಾಯಿಯ ಮಿತಿ, ತಂದೆ ತಾಯಿಯನ್ನು ಬಿಟ್ಟುಹೋದ ಮಗನಿಗೆ ಮೂರು ತಿಂಗಳ ಸಜೆ ಅಥವಾ 5,000 ರೂಪಾಯಿ ದಂಡ, ಬರೆದುಕೊಟ್ಟ ಆಸ್ತಿಯನ್ನು ವಾಪಸು ಪಡೆಯುವ ದಾರಿ. ಎಲ್ಲ ಸರಿ. ಆದರೆ ಆ ಮಗ ಅಪ್ಪನನ್ನು ಒಯ್ದು ಬಿಟ್ಟ ಆಶ್ರಮ ಅಪ್ಪನನ್ನು ಹಸಿವಿನಲ್ಲಿಟ್ಟರೆ? ಖಾಸಗಿ ವೃದ್ಧಾಶ್ರಮ ನೋಂದಣಿಯಾಗಲೇಬೇಕು, ಇಷ್ಟು ಸಿಬ್ಬಂದಿ ಇರಲೇಬೇಕು, ಇಂಥವರು ಬಂದು ತಪಾಸಣೆ ಮಾಡಲೇಬೇಕು ಎಂಬ ಮಾತು ಆ ಕಾಯ್ದೆಯಲ್ಲಿಲ್ಲ. ಮಕ್ಕಳ ಪಾಲನಾ ಕೇಂದ್ರಗಳಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಕಡ್ಡಾಯ ನೋಂದಣಿಯಿದೆ. ಅಂಗವಿಕಲರ ಸಂಸ್ಥೆಗಳಿಗೆ 2016ರ ಕಾಯ್ದೆಯಲ್ಲಿದೆ, ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ 2017ರ ಕಾಯ್ದೆಯಲ್ಲಿದೆ. ಮುದುಕರ ವಿಷಯ ಬಂದಾಗ ಮಾತ್ರ ಶಾಸಕಾಂಗಕ್ಕೆ ಮಗನ ಮುಖವೇ ಕಣ್ಣಿಗೆ ಕಟ್ಟಿತು.

ಇದಕ್ಕಿಂತ ಹಳೆಯ ಒಂದು ಕಲಮಿದೆ, ವಕೀಲರಲ್ಲೂ ಅನೇಕರಿಗೆ ನೆನಪಿರಲಾರದು. 1860ರ ಭಾರತೀಯ ದಂಡ ಸಂಹಿತೆಯ 491ನೆಯ ಕಲಮು. ಎಳೆವಯಸ್ಸಿನಿಂದಲೋ ರೋಗದಿಂದಲೋ ಮೈಯ ದುರ್ಬಲತೆಯಿಂದಲೋ ಬುದ್ಧಿಭ್ರಮೆಯಿಂದಲೋ ಅಸಹಾಯಕನಾದವನನ್ನು ನೋಡಿಕೊಳ್ಳುತ್ತೇನೆಂದು ಕರಾರು ಮಾಡಿಕೊಂಡು, ಬೇಕೆಂದೇ ನೋಡಿಕೊಳ್ಳದವನಿಗೆ ಶಿಕ್ಷೆ ಹೇಳುವ ಕಲಮು ಅದು. ಶಿಕ್ಷೆ ಎಷ್ಟು? ಮೂರು ತಿಂಗಳವರೆಗೆ ಸಜೆ, ಅಥವಾ ಇನ್ನೂರು ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆ ಇನ್ನೂರು ರೂಪಾಯಿ 2024ರ ಜುಲೈವರೆಗೆ ಇನ್ನೂರಾಗಿಯೇ ಉಳಿದಿತ್ತು. ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಅದನ್ನು 357ನೆಯ ಕಲಮಾಗಿಸಿ ಐದು ಸಾವಿರಕ್ಕೆ ಏರಿಸಿತು. ಮೂರು ತಿಂಗಳು ಮೂರು ತಿಂಗಳಾಗಿಯೇ ಇದೆ.

ಇನ್ನು ಸೇವೆ. ನಮ್ಮ ಯಾವ ಜಿಲ್ಲಾ ಪತ್ರಿಕೆಯನ್ನು ತೆಗೆದರೂ ಒಳಪುಟದಲ್ಲಿ ಆ ಫೋಟೊ ಇರುತ್ತದೆ: ಅಧ್ಯಕ್ಷರ ಜನ್ಮದಿನದ ಪ್ರಯುಕ್ತ ವೃದ್ಧಾಶ್ರಮದಲ್ಲಿ ಹಣ್ಣು ಹಂಪಲು ವಿತರಣೆ. ಹತ್ತು ಮಂದಿ ಸೇರಿ ಒಂದು ಸೇಬು ಹಿಡಿದಿರುತ್ತಾರೆ, ಅದನ್ನು ತೆಗೆದುಕೊಳ್ಳಬೇಕಾದ ಅಜ್ಜಿಗೆ ಬಾಯಲ್ಲಿ ಹಲ್ಲಿರುವುದಿಲ್ಲ. ಅದಕ್ಕೆ ನಕ್ಕು ಬಿಡಬಹುದು. ನಗಲಾಗದ್ದು ಊಟ ಕೊಡಿಸುವ ದಾನಿಗಳ ದಿನ ನಡೆಯುವಂಥದ್ದು. ಊಟದ ಹೊತ್ತು ಹನ್ನೆರಡೂವರೆ. ದಾನಿಗಳ ಕಾರು ಟ್ರಾಫಿಕ್ಕಿನಲ್ಲಿದೆ. ಎಲ್ಲರನ್ನೂ ಸಾಲಾಗಿ ಕೂರಿಸಿಯಾಗಿದೆ, ತಟ್ಟೆ ಮುಂದಿದೆ, ಅನ್ನ ಬಂದಿಲ್ಲ. ಕೇಕ್ ಕತ್ತರಿಸಿ ಫೋಟೊ ಆಗದೆ ಬಡಿಸುವಂತಿಲ್ಲ. ಸಕ್ಕರೆ ಕಾಯಿಲೆಯವರಿಗೆ ಊಟದ ಲೆಕ್ಕದಲ್ಲಿ ಇನ್ಸುಲಿನ್ ಕೊಟ್ಟಾಗಿದೆ. ಸೂಜಿ ಚುಚ್ಚಿದ ಮೇಲೆ ಊಟ ತಡವಾದರೆ ಏನಾಗುತ್ತದೆಂದು ಮನೆಯಲ್ಲಿ ಮಧುಮೇಹಿಗಳಿರುವ ಯಾರಿಗೂ ಹೇಳಬೇಕಿಲ್ಲ: ಬೆವರು, ನಡುಕ, ಕಣ್ಣು ಮಂಜು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಅದೇ ಹೊತ್ತಿಗೆ ದಾನಿಗಳು ಬಂದು ಜಹಾಂಗೀರು ಬಡಿಸುತ್ತಾರೆ. ಅಜ್ಜನ ಕೈ ನಡುಗುತ್ತಿದ್ದರೆ ಅದು ಆನಂದಕ್ಕೆ ಎಂದುಕೊಳ್ಳುತ್ತಾರೆ.

ಇದರ ಇನ್ನೊಂದು ಅವತಾರ ರೀಲ್ಸ್. ಬೀದಿಯಲ್ಲಿ ಜಡೆಗಟ್ಟಿದ ಕೂದಲಿನ ಒಬ್ಬ ಮನುಷ್ಯನನ್ನು ಹಿಡಿದು ತರುತ್ತಾರೆ. ಕ್ಯಾಮೆರಾದ ಮುಂದೆ ತಲೆ ಬೋಳಿಸುತ್ತಾರೆ, ಕ್ಯಾಮೆರಾದ ಮುಂದೆ ಬತ್ತಲೆ ಮೈಗೆ ಪೈಪಿನ ನೀರು ಬಿಡುತ್ತಾರೆ, ಹೊಸ ಲುಂಗಿ ಉಡಿಸಿ ನಮಸ್ಕಾರ ಮಾಡಿಸುತ್ತಾರೆ. ಹಿನ್ನೆಲೆಯಲ್ಲಿ ತಾಯಿಯ ಹಾಡು, ಕೆಳಗೆ ಕ್ಯೂಆರ್ ಕೋಡು. ಮಾನಸಿಕ ಆರೋಗ್ಯ ಕಾಯ್ದೆ, 2017ರ 20ನೆಯ ಕಲಮು ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ ಎಂದು ಬಿಡಿಸಿಯೇ ಹೇಳುತ್ತದೆ. ಬಯಸಿದರೆ ತನ್ನದೇ ಬಟ್ಟೆ ತೊಡುವ ಹಕ್ಕು, ಖಾಸಗಿತನದ ಹಕ್ಕು, ದುಡಿಸಿಕೊಂಡರೆ ಸಂಬಳ ಪಡೆಯುವ ಹಕ್ಕು ಎಲ್ಲ ಅಲ್ಲಿವೆ. ಲಕ್ಷಾಂತರ ಲೈಕ್ ಕೊಟ್ಟವರಲ್ಲಿ ಒಬ್ಬರಿಗಾದರೂ ಅದು ನೆನಪಾಗುವುದಿಲ್ಲ, ಏಕೆಂದರೆ ನಾವು ನೋಡುತ್ತಿರುವುದು ಕರುಣೆಯನ್ನು. ಹೀಗೆ ಜೀವ ಉಳಿಸಿದವರೂ ಇದ್ದಾರೆ, ಅವರ ಶ್ರಮವನ್ನು ನಾನು ಹೀಗಳೆಯುತ್ತಿಲ್ಲ. ಆದರೆ ಆ ಮನುಷ್ಯ ವಿಡಿಯೊದ ಮರುದಿನ ಎಲ್ಲಿದ್ದ, ಆರು ತಿಂಗಳ ಮೇಲೆ ಬದುಕಿದ್ದಾನೆಯೇ ಎಂದು ಕೇಳಿದವನನ್ನು ದೇಣಿಗೆ ಕೊಟ್ಟವರೇ ಬೈದು ಓಡಿಸುತ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರ್ವಾಡಿಯಲ್ಲಿ ಒಂದು ಗುಡಿಸಲ ಮಾದರಿಯ ಮನೆಗೆ ಬೆಂಕಿ ಬಿತ್ತು. ದರ್ಗಾದ ಸುತ್ತ ಬೆಳೆದಿದ್ದ ಅನೇಕ ಖಾಸಗಿ ‘ಮಾನಸಿಕ ಆಶ್ರಮ’ಗಳಲ್ಲಿ ಅದೊಂದು. ಒಳಗಿದ್ದವರಲ್ಲಿ ಬಹುತೇಕರ ಕಾಲಿಗೆ ಸರಪಳಿಯಿತ್ತು. 28 ಮಂದಿ ಸತ್ತರು. ದೇಶ ಬೆಚ್ಚಿತು, ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಆ ಮನೆಗಳನ್ನು ಮುಚ್ಚಿಸಲಾಯಿತು. ಆಗ ಎಲ್ಲರೂ ಬರೆದದ್ದು ಮೂಢನಂಬಿಕೆಯ ಬಗ್ಗೆ. ಆದರೆ ಸರಪಳಿಗೂ ಮೂಢನಂಬಿಕೆಗೂ ಏನು ನಂಟು? ಹರಕೆ ಹೊತ್ತವರು ದರ್ಗಾದಲ್ಲಿ ರಾತ್ರಿ ಮಲಗುವುದು ನಂಬಿಕೆ. ಅವರು ಎದ್ದು ಓಡಿಹೋಗದಂತೆ ಕಂಬಕ್ಕೆ ಬಿಗಿಯುವುದು ಉಳಿತಾಯ. ಸರಪಳಿ ಎಂದರೆ ಸಂಬಳ ಕೇಳದ, ರಜೆ ಕೇಳದ, ನಿದ್ದೆ ಮಾಡದ ಕಾವಲುಗಾರ. ಒಬ್ಬ ರಾತ್ರಿ ಕಾವಲುಗಾರನಿಗೆ ಸಂಬಳ ಕೊಡುವ ಬದಲು ಆ ಮನೆಯವರು ಒಂದೇ ಸಲ ಕಬ್ಬಿಣ ಕೊಂಡಿದ್ದರು. ಈಗಿನ ಮಾನಸಿಕ ಆರೋಗ್ಯ ಕಾಯ್ದೆಯ 95ನೆಯ ಕಲಮು ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಅದರ ಬದಲಿಗೆ ಬಂದಿರುವುದನ್ನು ಬಹಳ ಮನೆಗಳಲ್ಲಿ ನೋಡಬಹುದು: ಮಂಚದ ಸರಳಿಗೆ ಗಂಟು ಹಾಕಿದ ಹಳೆಯ ದುಪಟ್ಟಾ, ಹೊರಗಿನಿಂದ ಹಾಕಿದ ಚಿಲಕ, ಸಂಜೆ ಏಳಕ್ಕೆ ಎಲ್ಲರಿಗೂ ಒಂದೊಂದು ನಿದ್ದೆ ಮಾತ್ರೆ.

ಈಗ ರಾತ್ರಿ ಪಾಳಿಯ ಲೆಕ್ಕಕ್ಕೆ ಬರೋಣ. ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು; ಶುಶ್ರೂಷೆ ಕಲಿಯುವವರಿಗೆ ಹೇಳಿಕೊಡುವ ಮೊದಮೊದಲ ಪಾಠಗಳಲ್ಲಿ ಇದೊಂದು. ಒಬ್ಬರನ್ನು ಹೊರಳಿಸಿ, ಒದ್ದೆ ಪ್ಯಾಡ್ ತೆಗೆದು, ಒರೆಸಿ, ಬಟ್ಟೆ ಸರಿಮಾಡಿ, ಬೆನ್ನಿಗೊಂದು ದಿಂಬು ಕೊಡಲು ಹತ್ತು ನಿಮಿಷ ಎನ್ನಿ. ಹನ್ನೆರಡು ಜನರಿಗೆ ಎರಡು ಗಂಟೆ. ಅಂದರೆ ಹನ್ನೆರಡು ಮಂಚಕ್ಕೆ ಒಬ್ಬ ಆಯಾ ಇದ್ದರೆ ಆಕೆ ರಾತ್ರಿಯಿಡೀ ಕೂರುವಂತಿಲ್ಲ, ಹನ್ನೆರಡನೆಯವರನ್ನು ಮುಗಿಸಿದ ಕೂಡಲೇ ಮೊದಲನೆಯವರ ಬಳಿಗೆ ಓಡಬೇಕು. ಮೂವತ್ತು ಮಂಚಕ್ಕೆ ಒಬ್ಬಳಾದರೆ? ಆಗ ಆಕೆಯ ಒಳ್ಳೆಯತನಕ್ಕೆ ಉಳಿಯುವ ಕೆಲಸ, ಇವತ್ತು ರಾತ್ರಿ ಯಾರ ಬೆನ್ನು ಕೊಳೆಯಬೇಕು ಎಂದು ಆರಿಸುವುದಷ್ಟೆ.

ಬೆನ್ನು ಕೊಳೆಯುವುದೆಂದರೆ ಹೇಗೆ ಎಂದು ಹೇಳಲೇಬೇಕು, ಹೇಳದಿದ್ದರೆ ಇದೆಲ್ಲ ಬರೀ ಮಾತಾಗುತ್ತದೆ. ಮೊದಲು ಸೊಂಟದ ಕೆಳಗಿನ ಮೂಳೆಯ ಮೇಲೆ ನಾಣ್ಯದಷ್ಟು ಕೆಂಪು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾಗುವ ಕೆಂಪಲ್ಲ. ಒತ್ತಿದರೂ ಹಾಗೆಯೇ ಇರುತ್ತದೆ. ಮೈ ಕಪ್ಪಗಿದ್ದರೆ ಅದೂ ಕಾಣುವುದಿಲ್ಲ, ಅಂಗೈ ಇಟ್ಟು ಬಿಸಿ ನೋಡಬೇಕು. ಅವತ್ತೇ ಮಗ್ಗುಲು ಬದಲಿಸಿದರೆ ವಾಸಿಯಾದೀತು. ಬದಲಿಸದಿದ್ದರೆ ಚರ್ಮ ಸುಲಿಯುತ್ತದೆ, ಗುಳಿ ಬೀಳುತ್ತದೆ, ವಾಸನೆ ಬರುತ್ತದೆ, ಕೊನೆಗೆ ಗುಳಿಯ ತಳದಲ್ಲಿ ಬೆಳ್ಳಗೆ ಮೂಳೆ. ಯಾರೂ ಹೊಡೆದಿಲ್ಲ. ಯಾರೂ ಬೈದಿಲ್ಲ. ವಿಡಿಯೊ ಮಾಡಲು ಏನೂ ಇಲ್ಲ. ನಂಜು ಏರಿ ಜೀವ ಹೋದ ಮೇಲೆ ಪಕ್ಕದ ಕ್ಲಿನಿಕ್ಕಿನ ಡಾಕ್ಟರು ವಯೋಸಹಜ ಸಾವು ಎಂದು ಬರೆದುಕೊಟ್ಟರೆ ಮಧ್ಯಾಹ್ನದೊಳಗೆ ಎಲ್ಲ ಮುಗಿಯುತ್ತದೆ. ವಿಡಿಯೊದಲ್ಲಿ ಸಿಕ್ಕ ಕಪಾಳಮೋಕ್ಷಕ್ಕೆ ನಾವು ಕೆರಳುತ್ತೇವೆ, ಈ ಸಾವಿಗೆ ‘ಓಂ ಶಾಂತಿ’ ಹಾಕುತ್ತೇವೆ.

ಬೇರೆ ಉಳಿತಾಯಗಳೂ ಇವೆ. ಹಗಲಿನ ಆಯಾಗಳು ಮನೆಗೆ ಹೋಗಬೇಕೆಂದು ಸಂಜೆ ಐದೂವರೆಗೇ ರಾತ್ರಿಯೂಟ. ಹಾಸಿಗೆ ಒದ್ದೆಯಾಗಬಾರದೆಂದು ಆಮೇಲೆ ನೀರು ಕೊಡದಿರುವುದು. ನುಂಗಲು ಕಷ್ಟಪಡುವವರಿಗೆ ಒಂದು ಬಟ್ಟಲು ಗಂಜಿ ಕುಡಿಸಲು ಅರ್ಧ ಗಂಟೆ ಬೇಕು; ಐದು ನಿಮಿಷದಲ್ಲಿ ತುರುಕಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ, ತುರುಕದಿದ್ದರೆ ‘ಅಜ್ಜಿಗೆ ಹಸಿವಿಲ್ಲ’ ಎಂದು ತಟ್ಟೆ ವಾಪಸು ಹೋಗುತ್ತದೆ. ಇಂಥ ಮನೆಯೊಂದರಲ್ಲಿ ರಾತ್ರಿ ಪಾಳಿಯ ಹೆಂಗಸೊಬ್ಬರು ನನಗೆ ಹೇಳಿದ್ದು: “ಒಬ್ರಿಗೆ ಮಗ್ಗುಲು ಬದ್ಲಾಯ್ಸೋ ಹೊತ್ಗೆ ಇನ್ನೊಬ್ರು ಬಾತ್‌ರೂಮ್ನಲ್ಲಿ ಬಿದ್ದಿರ್ತಾರೆ ಸಾರ್. ಬೈತೀನಿ, ಸುಳ್ಳ್ಯಾಕೆ ಹೇಳ್ಲಿ. ಬೈದಿದ್ಕೆ ಎದ್ದೇಳ್ದೆ ಮಲ್ಗಿರ್ತಾರೆ, ಅಷ್ಟಾದ್ರೆ ಸಾಕು ಅನ್ಸುತ್ತೆ.” ಆಕೆಯ ಸಂಬಳದಲ್ಲಿ ಏಜೆನ್ಸಿಯವನ ಪಾಲು ಮೊದಲೇ ಮುರಿದಿರುತ್ತದೆ. ವಾರದ ರಜೆ ಕಾಗದದಲ್ಲಿದೆ. ಯಾರೂ ಆಕೆಗೆ ಆ ಕೆಲಸವನ್ನು ಒಂದು ದಿನವೂ ಕಲಿಸಿಲ್ಲ. ಆ ಬೈಗುಳ ಯಾರಾದರೂ ಮೊಬೈಲಿನಲ್ಲಿ ಹಿಡಿದ ದಿನ ನಾವೆಲ್ಲ ಸೇರಿ ಗಲ್ಲಿಗೇರಿಸುವುದು ಆಕೆಯನ್ನೇ.

ಹಾಗಿದ್ದರೆ ಸರ್ಕಾರವೇ ನಡೆಸಲಿ ಎನ್ನುವವರಿದ್ದಾರೆ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನು, ಅಂದರೆ ಎಲ್ಲರ ಬಾಯಲ್ಲಿ ಬೆಗ್ಗರ್ಸ್ ಕಾಲೊನಿ ಆದದ್ದನ್ನು, ಸರ್ಕಾರವೇ ನಡೆಸುತ್ತಿತ್ತು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಅದಕ್ಕೊಂದು ಖಾಯಂ ಆದಾಯವನ್ನೂ ಕೊಟ್ಟಿದೆ. ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಶೇ 3ರಷ್ಟು ಭಿಕ್ಷುಕರ ಕರ ಅದರಲ್ಲಿರುತ್ತದೆ. ಹೀಗೆ ಹಣದ ಮೂಲವಿದ್ದ, ಕಾಯ್ದೆಯಿದ್ದ, ಅಧಿಕಾರಿಗಳಿದ್ದ ಆ ಆವರಣದಲ್ಲಿ 2010ರ ಆಗಸ್ಟ್‌ನಲ್ಲಿ ವಾಂತಿಭೇದಿಯಿಂದ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತರು. ಕೆದಕಿದಾಗ ತಿಳಿಯಿತು, ಆ ವರ್ಷದ ಮೊದಲ ಎಂಟು ತಿಂಗಳಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಅವರಲ್ಲಿ ಭಿಕ್ಷೆ ಬೇಡದವರೂ ಇದ್ದರು. ಕೆಲಸ ಹುಡುಕಿಕೊಂಡು ಬಂದು ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದವರನ್ನೂ ವ್ಯಾನಿಗೆ ಹಾಕಿಕೊಂಡು ಬಂದಿದ್ದರು. ಎಂಟು ತಿಂಗಳು, ಇನ್ನೂರಕ್ಕೂ ಹೆಚ್ಚು ಹೆಣ, ರಾಜಧಾನಿಯ ನಟ್ಟನಡುವೆ. ಆ ಸಾವುಗಳ ಲೆಕ್ಕ ರಿಜಿಸ್ಟರಿನಲ್ಲಿತ್ತು. ಆ ರಿಜಿಸ್ಟರನ್ನು ಹೊರಗಿನವರು ಹೊತ್ತಿಗೆ ಸರಿಯಾಗಿ ತೆರೆದು ನೋಡಲಿಲ್ಲ, ಅಷ್ಟೆ. ಸತ್ತವರಿಗೆ ಅಮೆರಿಕದಲ್ಲಿ ಮಗನಿದ್ದನೇ? ಸಂಸ್ಕಾರ ಕೆಟ್ಟದ್ದು ಯಾರದ್ದು, ಆರೋಗ್ಯ ನಿರೀಕ್ಷಕನದೋ ನೀರಿನ ಟ್ಯಾಂಕಿನದೋ? ಹದಿನಾಲ್ಕು ವರ್ಷ ಕಳೆದ ಮೇಲೆ, 2024ರ ಜುಲೈಯಲ್ಲಿ, ದೆಹಲಿ ಸರ್ಕಾರದ ಆಶಾ ಕಿರಣ್ ಕೇಂದ್ರದಲ್ಲಿ ಬೌದ್ಧಿಕ ಅಸಾಮರ್ಥ್ಯವಿದ್ದ 14 ಮಂದಿ ಒಂದೇ ತಿಂಗಳಲ್ಲಿ ಸತ್ತರು. ಅಲ್ಲಿಯೂ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ತುಂಬಿದ್ದರು.

ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ, ಫಾರಿನ್ನಿನಲ್ಲಿ ನೋಡಿ ಎನ್ನುವ ಮಾತಿಗೂ ಉತ್ತರವಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ 24 ಹಾಸಿಗೆಯ ಖಾಸಗಿ ಆಸ್ಪತ್ರೆ, ಕಲಿಕಾ ನ್ಯೂನತೆಯಿರುವವರಿಗೆಂದೇ ಇದ್ದದ್ದು. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್, ಅದೂ ಜನರ ತೆರಿಗೆ ಹಣ. 2011ರ ಮೇ ತಿಂಗಳಲ್ಲಿ ಬಿಬಿಸಿಯ ವರದಿಗಾರನೊಬ್ಬ ಅಲ್ಲಿ ಕೆಲಸಕ್ಕೆ ಸೇರಿ ಗುಟ್ಟಾಗಿ ಚಿತ್ರಿಸಿದ್ದು ಪ್ರಸಾರವಾದಾಗ ಜನ ಕಂಡದ್ದು ಹೊಡೆತ, ಕುರ್ಚಿಯ ಕೆಳಗೆ ಒತ್ತಿಹಿಡಿಯುವುದು, ಬಟ್ಟೆ ಸಮೇತ ತಣ್ಣೀರು ಸುರಿಯುವುದು. 11 ಸಿಬ್ಬಂದಿ ತಪ್ಪೊಪ್ಪಿಕೊಂಡರು, 6 ಮಂದಿ ಜೈಲಿಗೆ ಹೋದರು. ಅಲ್ಲಿಗೆ ಕೆಟ್ಟವರಿಗೆ ಶಿಕ್ಷೆಯಾಯಿತಲ್ಲ? ಆದರೆ ಟೆರ್ರಿ ಬ್ರಯನ್ ಎಂಬ ಹಿರಿಯ ನರ್ಸು ಪ್ರಸಾರಕ್ಕೆ ತಿಂಗಳುಗಳ ಮೊದಲೇ ಆಡಳಿತಕ್ಕೂ ನಿಯಂತ್ರಣ ಸಂಸ್ಥೆಗೂ ಬರೆದು ತಿಳಿಸಿದ್ದರು, ಯಾರೂ ಕಿವಿಗೊಡಲಿಲ್ಲ. ಎಂಟು ವರ್ಷಗಳ ಮೇಲೆ, 2019ರಲ್ಲಿ, ಡರಮ್ ಪ್ರಾಂತ್ಯದ ವೋರ್ಲ್‌ಟನ್ ಹಾಲ್‌ನಲ್ಲಿ ಅದೇ ಬಿಬಿಸಿಗೆ ಅದೇ ದೃಶ್ಯಗಳು ಸಿಕ್ಕವು. ನಿಯಂತ್ರಣ ಸಂಸ್ಥೆ ಆ ಜಾಗಕ್ಕೆ ‘ಚೆನ್ನಾಗಿದೆ’ ಎಂದು ದರ್ಜೆ ಕೊಟ್ಟಿತ್ತು. ಅಲ್ಲಿ ಕಿರುಕುಳದ ಸುಳಿವಿದೆ ಎಂದು ತನ್ನದೇ ತಪಾಸಕ 2015ರಲ್ಲಿ ಬರೆದ ವರದಿಯನ್ನು ಪ್ರಕಟಿಸದೆ ಇಟ್ಟುಕೊಂಡಿತ್ತು. ಆರು ಕೆಟ್ಟವರನ್ನು ತೆಗೆದು ಹಾಕಿದ್ದು ಯಾವುದನ್ನು ನಿಲ್ಲಿಸಿತು?

ಕೂಡಲೇ ಬರುವ ಪರಿಹಾರ ಸಿಸಿಟಿವಿ. ಟೆಂಡರು ಕರೆಯಬಹುದು, ಉದ್ಘಾಟಿಸಬಹುದು, ಮುಗಿಯಿತು ಎನ್ನಬಹುದು. ಕ್ಯಾಮೆರಾ ವರಾಂಡದಲ್ಲಿರುತ್ತದೆ, ಹುಣ್ಣು ಹೊದಿಕೆಯ ಕೆಳಗಿರುತ್ತದೆ. ಅದನ್ನು ನೋಡುವವನು ಅದೇ ಆಶ್ರಮದ ವ್ಯವಸ್ಥಾಪಕ. ಬಾತ್‌ರೂಮಿನಲ್ಲೂ ಇಡಿ ಎಂದವರನ್ನು ಕಂಡಿದ್ದೇನೆ. ತಮ್ಮ ತಾಯಿಯ ಸ್ನಾನವನ್ನು ಅವರು ಹಾಗೆ ಊಹಿಸಿಕೊಂಡಿರಲಿಕ್ಕಿಲ್ಲ.

ಮುಜಫ್ಫರ್‌ಪುರದ ಬಾಲಿಕಾ ಗೃಹದ ಪ್ರಕರಣ ಹೊರಬಂದದ್ದು ಕ್ಯಾಮೆರಾದಿಂದಲ್ಲ. ಬಿಹಾರದ ಸಮಾಜ ಕಲ್ಯಾಣ ಇಲಾಖೆಯೇ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡಕ್ಕೆ ರಾಜ್ಯದ ಇಂಥ ಮನೆಗಳ ಸಾಮಾಜಿಕ ಲೆಕ್ಕಪರಿಶೋಧನೆ ಒಪ್ಪಿಸಿತ್ತು. ಆ ತಂಡದವರು ಹಾಜರಿ ಪುಸ್ತಕ ನೋಡಿ ಚಹಾ ಕುಡಿದು ಹೋಗಲಿಲ್ಲ. ಹುಡುಗಿಯರ ಜೊತೆ ಕೂತು ಮಾತಾಡಿದರು. 2018ರಲ್ಲಿ ಅವರು ಕೊಟ್ಟ ವರದಿಯ ಮೇಲೆ ತನಿಖೆಯಾಗಿ, 34 ಹುಡುಗಿಯರ ಮೇಲಿನ ದೌರ್ಜನ್ಯ ಬೆಳಕಿಗೆ ಬಂತು. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ಅಪರಾಧಿಗಳೆಂದು ಸಾರಿತು. ಹುಡುಗಿಯರನ್ನು ಕಾಯಬೇಕಿದ್ದ ಮಕ್ಕಳ ಕಲ್ಯಾಣ ಸಮಿತಿಯ ಆಗಿನ ಅಧ್ಯಕ್ಷನೂ ಅವರಲ್ಲಿದ್ದ. ನೋಂದಣಿ, ಸಮಿತಿ, ಅನುದಾನ ಎಲ್ಲ ಇದ್ದ ಮನೆಯದು. ಕೊರತೆಯಿದ್ದದ್ದು ಅಲ್ಲಿಂದ ಏನನ್ನೂ ಪಡೆಯದ, ಅಲ್ಲಿಗೆ ಏನನ್ನೂ ಕೊಡದ, ಒಳಗಿದ್ದವರ ಬಾಯಿಂದಲೇ ಕೇಳುವ ಹೊರಗಿನವರದ್ದು.

ನನ್ನ ವಾದಕ್ಕೆ ಎದುರಾಗುವ ನಿಜವಾದ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. ನಿಯಮ ಬಿಗಿಮಾಡಿದರೆ ಮೊದಲು ಮುಚ್ಚುವುದು ಸಣ್ಣ ಊರಿನ ಬಡ ಆಶ್ರಮಗಳು. ಯಾರೋ ನಿವೃತ್ತ ಮೇಷ್ಟ್ರು ತಮ್ಮ ಪಿಂಚಣಿ ಹಾಕಿ ಇಪ್ಪತ್ತು ಜನರನ್ನು ಇಟ್ಟುಕೊಂಡಿರುತ್ತಾರೆ. ಹನ್ನೆರಡಕ್ಕೊಬ್ಬ ಆಯಾ ಎಂದರೆ ಅವರು ಕೈಮುಗಿದು ಬೀಗ ಹಾಕುತ್ತಾರೆ. ಆ ಇಪ್ಪತ್ತು ಜನ ಮತ್ತೆ ಬಸ್ ಸ್ಟ್ಯಾಂಡಿಗೆ. ಜೊತೆಗೆ, ನಿಯಮ ಬಂದ ಕೂಡಲೇ ಇನ್‌ಸ್ಪೆಕ್ಟರ್ ಬರುತ್ತಾನೆ, ಇನ್‌ಸ್ಪೆಕ್ಟರ್ ಬಂದ ಮೇಲೆ ಕವರು. ಎರಡೂ ನಿಜ. ಆದ್ದರಿಂದಲೇ ಸಿಬ್ಬಂದಿಯ ನಿಯಮವನ್ನು ಸಿಬ್ಬಂದಿಯ ಸಂಬಳದಿಂದ ಬೇರೆ ಮಾಡಬಾರದು ಎನ್ನುತ್ತೇನೆ. ಮೇಷ್ಟ್ರ ಆಶ್ರಮಕ್ಕೆ ರಾತ್ರಿ ಪಾಳಿಯ ಎರಡನೆಯ ಆಯಾಳ ಸಂಬಳವನ್ನು ಸರ್ಕಾರ ಕೊಡಲಿ. ಅಂಗನವಾಡಿ ಕಾರ್ಯಕರ್ತೆಯ ಗೌರವಧನವನ್ನು ದಶಕಗಳಿಂದ ಕೊಡುತ್ತಿರುವ ವ್ಯವಸ್ಥೆಗೆ ಇದೇನು ಹೊಸ ಕಸರತ್ತಲ್ಲ. ದಾನಿಗಳೂ ಜಹಾಂಗೀರಿನ ದುಡ್ಡನ್ನು ಅದಕ್ಕೇ ಕೊಡಬಹುದು, ಫೋಟೊ ಬರುವುದಿಲ್ಲ ಅಷ್ಟೆ. ಇನ್ನು ಕವರಿನ ಭಯ. ಕವರು ಕೆಲಸ ಮಾಡುವುದು ಕಾಗದ ನೋಡುವ ತಪಾಸಣೆಯಲ್ಲಿ. ರಾತ್ರಿ ಪಾಳಿಯವರ ಹೆಸರು ಬಾಗಿಲ ಬಳಿ ಬೋರ್ಡಿನಲ್ಲಿದ್ದರೆ, ಪ್ರತಿಯೊಬ್ಬರ ತೂಕ ತಿಂಗಳಿಗೊಮ್ಮೆ ಬರೆದಿಟ್ಟು ಕೇಳಿದವರಿಗೆ ತೋರಿಸುವಂತಿದ್ದರೆ, ಪ್ರತಿ ಸಾವನ್ನೂ ಆ ಮನೆಗೆ ಸಂಬಂಧವಿಲ್ಲದ ಸರ್ಕಾರಿ ವೈದ್ಯರು ನೋಡಬೇಕೆಂದಿದ್ದರೆ, ಊರಿನ ಯಾರು ಬೇಕಾದರೂ ಹೇಳದೆ ಕೇಳದೆ ಒಳಗೆ ಬಂದು ಅಜ್ಜನ ಪಕ್ಕ ಕೂರಬಹುದಾದರೆ, ಎಷ್ಟು ಕವರು ಎಷ್ಟು ಜನರಿಗೆ ಕೊಡುತ್ತಾರೆ? ಆರು ಕೆ.ಜಿ. ಇಳಿದ ತೂಕ ಯಾವ ಕವರಿನಿಂದಲೂ ಏರುವುದಿಲ್ಲ.

ಇದನ್ನೆಲ್ಲ ಮಾಡಲು ಹೊಸ ಆಡಳಿತ ಶಾಸ್ತ್ರವೇನೂ ಬೇಕಿಲ್ಲ. 2024ರಲ್ಲಿ ಕೋರಮಂಗಲದ ಪಿ.ಜಿ.ಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾದ ಬೆನ್ನಲ್ಲೇ ಬಿಬಿಎಂಪಿ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತು. ತಲೆಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಡುಗೆಮನೆಗೆ ಆಹಾರ ಪರವಾನಗಿ. ಪಾಲನೆ ಎಷ್ಟಾಯಿತು ಎಂಬುದು ಬೇರೆ ಮಾತು, ಅಳತೆಯಂತೂ ಇದೆ. ಬೆಳಿಗ್ಗೆ ಎದ್ದು ಟೆಕ್ ಪಾರ್ಕಿಗೆ ಓಡುವ, ಬೇಡವಾದರೆ ನಾಳೆಯೇ ಬೇರೆ ಪಿ.ಜಿ. ಹುಡುಕಿಕೊಳ್ಳಬಲ್ಲ ಹುಡುಗನಿಗೆ ಇಂತಿಷ್ಟು ಚದರಡಿ ಎಂದು ನಗರಪಾಲಿಕೆಗೆ ಹೊಳೆಯಿತು. ಅದೇ ಬೀದಿಯ ಕೊನೆಯ ವೃದ್ಧಾಶ್ರಮದಲ್ಲಿ ಎರಡು ಮಂಚದ ನಡುವೆ ಎಷ್ಟು ಜಾಗವಿರಬೇಕು, ಯಾರಾದರೂ ಹೇಳುತ್ತೀರಾ?

ಹಿರಿಯರ ಆರೈಕೆ ಮನೆಗಳ ನೋಂದಣಿ ಹಾಗೂ ಕನಿಷ್ಠ ಗುಣಮಟ್ಟವನ್ನು ಕಡ್ಡಾಯ ಮಾಡುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು, ಬಂತು, ಕೂತಿತು, 2024ರಲ್ಲಿ ಆ ಲೋಕಸಭೆಯ ಜೊತೆಯಲ್ಲೇ ಬಿದ್ದುಹೋಯಿತು. ಒಂದು ಧರಣಿಯಿಲ್ಲ, ಒಂದು ಹೇಳಿಕೆಯಿಲ್ಲ, ಸಂಸ್ಕಾರದವರಂತೂ ಉಸಿರೇ ಎತ್ತಲಿಲ್ಲ. ಹಾಗೆಂದು ರಾಜ್ಯದ ಕೈ ಕಟ್ಟಿಲ್ಲ. 2007ರ ಕಾಯ್ದೆಯ 19ನೆಯ ಕಲಮಿನ ಎರಡನೆಯ ಉಪಕಲಮು, ವೃದ್ಧಾಶ್ರಮಗಳ ನಿರ್ವಹಣೆಗೆ ಯೋಜನೆ ರೂಪಿಸಿ ಅವುಗಳ ಗುಣಮಟ್ಟವನ್ನೂ ಅಲ್ಲಿ ಸಿಗಬೇಕಾದ ಸೇವೆಗಳನ್ನೂ ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ವೈದ್ಯಕೀಯ ಆರೈಕೆಯ ಜೊತೆಗೆ ಅಲ್ಲಿರುವವರ ಮನರಂಜನೆಯನ್ನೂ ಅದು ಮರೆತಿಲ್ಲ. ಅದೇ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳು ಮಕ್ಕಳ ಮೇಲಿನ ದೂರುಗಳನ್ನು ತಪ್ಪದೆ ವಿಚಾರಣೆ ಮಾಡುತ್ತಿದ್ದಾರೆ. ತಾನಿರುವ ಆಶ್ರಮದ ಮೇಲೆಯೇ ದೂರು ಕೊಡಬೇಕೆಂದು ಒಬ್ಬ ಅಜ್ಜಿ ಆಟೊ ಹಿಡಿದು ಆ ಕಚೇರಿಗೆ ಬಂದರೆ, ಮೊದಲನೆಯ ಟೇಬಲ್ಲಿನ ಗುಮಾಸ್ತ ಕೇಳುವುದು ಏನನ್ನು? “ಅಜ್ಜಿ, ಮಗನ ಹೆಸರು ಹೇಳಿ.”